ಕಪ್ಪು ಕೋಟಿನ ಕೋಚ್

ಅವರು ತೀರಿಕೊಂಡ ಸುದ್ದಿ ನಮ್ಮ ಹಳೆಯ ತಂಡದ ವಾಟ್ಸ್ಯಾಪ್ ಗುಂಪಿಗೆ ಬಂದಾಗ ಬಹಳ ಹೊತ್ತು ಯಾರೂ ಏನೂ ಬರೆಯಲಿಲ್ಲ. ಯಾರದಾದರೂ ದೂರದ ಅಜ್ಜಿ ಸತ್ತರೂ ಕೈಮುಗಿದ ಚಿತ್ರಗಳು ಸಾಲುಗಟ್ಟಿ ಬೀಳುವ ಗುಂಪು ಅದು. ಕೊನೆಗೆ, ಹಿಂದೆ ಗೋಲ್‌ಕೀಪರ್ ಆಗಿದ್ದವಳು, "ಅಲ್ಲಿ ಹೋಗಿ ಈಗ ಯಾರನ್ನು ಬೆಂಚಿನ ಮೇಲೆ ಕೂರಿಸುತ್ತಾರೋ" ಎಂದು ಹಿಂದಿಯಲ್ಲಿ ಬರೆದಳು. ಅದಕ್ಕೆ ಹಲವರು ನಗುವ ಮುಖ ಅಂಟಿಸಿದರು. ಆಮೇಲೆ ಒಬ್ಬಳಿಗೆ ನಾಚಿಕೆಯಾಗಿರಬೇಕು, ಓಂ ಶಾಂತಿ ಎಂದಳು. ಅಲ್ಲಿಗೆ ಮುಗಿಯಿತು.

ದೇಶದ ಮಹಿಳಾ ಫುಟ್‌ಬಾಲ್ ತಂಡಕ್ಕೆ ಕೋಚ್ ಆಗಿದ್ದ ಮನುಷ್ಯ. ಮುಂಬಯಿ ಹತ್ತಿರದ ಕಲ್ಯಾಣದ ಸ್ಮಶಾನಕ್ಕೆ ನಾನು ಹೋದಾಗ ಅಲ್ಲಿದ್ದದ್ದು ಬೆಳಗಾವಿಯಿಂದ ಓಡಿಬಂದಿದ್ದ ಒಬ್ಬ ಸೋದರಳಿಯ ಮತ್ತು ಡ್ಯೂಟಿಯ ನಡುವೆ ಬಿಡುವು ಮಾಡಿಕೊಂಡು ಕಪ್ಪು ಕೋಟಿನಲ್ಲೇ ಬಂದಿದ್ದ ಕೆಲವು ರೈಲ್ವೆ ಟಿಸಿಗಳು. ಅವರಿಗೆ ಮದುವೆಯಾಗಿರಲಿಲ್ಲ. ವಿಧವೆ ಅಕ್ಕ ಮನೆ ನೋಡಿಕೊಳ್ಳುತ್ತಿದ್ದರು. ಆಟಗಾರ್ತಿಯರು ಒಬ್ಬರೂ ಬಂದಿರಲಿಲ್ಲ. ಒಬ್ಬ ಟಿಸಿ ನನ್ನನ್ನು, "ತಾವು ಮಗಳೇನು?" ಎಂದು ಕೇಳಿದ. ಅಲ್ಲ ಎಂದೆ. "ಹಾಗಾದರೆ ಯಾರು?" ಎಂದ.

ನಾನು ಫಿಸಿಯೋಥೆರಪಿಸ್ಟ್. ನಮ್ಮ ತಂದೆ ಉಡುಪಿ ಕಡೆಯವರು. ಠಾಣೆ ನಗರದ ಒಂದು ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದರು, ನಾನು ಹುಟ್ಟಿ ಬೆಳೆದದ್ದು ಅಲ್ಲೇ. ಎರಡು ಸಾವಿರದ ಇಸವಿ ದಾಟಿದ ಮೇಲೆ ನವಿ ಮುಂಬಯಿಯ ನೆರೂಳಿನಲ್ಲಿ ಒಂದು ಶಟರಿನ ಅಂಗಡಿಯಷ್ಟೇ ಜಾಗದಲ್ಲಿ ಕ್ಲಿನಿಕ್ ತೆರೆದೆ. ಅವರು ಅಲ್ಲಿಗೆ ಮೊಣಕಾಲು ನೋವೆಂದು ಬಂದರು. ಎತ್ತರದ ಒಣಕಲು ಆಳು, ಮೀಸೆ ಇಲ್ಲದ ಮುಖ, ತೋಳಿನ ಮೇಲೆ ಮಡಚಿ ಹಾಕಿಕೊಂಡ ಕಪ್ಪು ಕೋಟು, ದವಡೆಯಲ್ಲಿ ಒಂದು ಲವಂಗ. ಆಗ ನಾನು ಫೋನಿನಲ್ಲಿ ಅಪ್ಪನ ಜೊತೆ ಮಾತಾಡುತ್ತಿದ್ದೆ. ಫೋನಿಡುವವರೆಗೂ ಕಾದರು.

"ಎಲ್ಲೀಯಾಕಿ? ಮಂಗಳೂರು ಕಡೇಯಾಕಿ ಏನು?"

"ಉಡುಪಿ ಸರ್. ಹುಟ್ಟಿದ್ದು ಇಲ್ಲೇ ಠಾಣೆಯಲ್ಲಿ."

"ಅದಕ್ಕs. ನಿನ್ನ ಕನ್ನಡ ಪುಸ್ತಕದ್ದೂ ಅಲ್ಲ, ಊರಿಂದೂ ಅಲ್ಲ. ಹೋಟೆಲ್‌ದು. ಎಲ್ಲಾ ಬಿಸಿ ಮಾಡಿ ಕೊಟ್ಟಂಗ ಐತಿ."

ಹೀಗೆ ಶುರುವಾಯಿತು ನಮ್ಮ ಪರಿಚಯ. ಹೊರಡುವಾಗ ವಂದನೆ ಹೇಳಲಿಲ್ಲ. ಎರಡನೇ ಸಲ ಬಂದಾಗ, ನೋವು ಕಡಿಮೆಯಾಗಿದೆ ಎಂದೂ ಹೇಳಲಿಲ್ಲ. ಮೆಟ್ಟಿಲು ಹತ್ತುವುದನ್ನು ನೋಡಿ ನಾನೇ ಊಹಿಸಿಕೊಳ್ಳಬೇಕಾಯಿತು.

ಬೆಳಗಾವಿಯಲ್ಲಿ ಆಡಿ ಬೆಳೆದವರು. ಆಟದ ಬಲದಿಂದಲೇ ರೈಲ್ವೆಯಲ್ಲಿ ಕೆಲಸ ಸಿಕ್ಕಿ ಕಲ್ಯಾಣಕ್ಕೆ ಬಂದವರು. ಕಾಲು ಗಟ್ಟಿ ಇರುವವರೆಗೆ ಚೆಂಡು, ಆಮೇಲೆ ಟಿಕೆಟ್. ಒಮ್ಮೆ ದೇಶದ ತಂಡಕ್ಕೂ ಆಯ್ಕೆಯಾಗಿದ್ದರಂತೆ. ಇಡೀ ಟೂರ್ನಿಯಲ್ಲಿ ಬೆಂಚಿನ ಮೇಲೆ ಕೂತು, ಒಂದು ನಿಮಿಷವೂ ಆಡದೆ ಹಿಂದಿರುಗಿದ್ದರಂತೆ. ಇದನ್ನು ನನಗೆ ಹೇಳಿದ್ದು ಅವರ ಅಕ್ಕ. ಅವರ ಬಾಯಿಂದ ಈ ಮಾತು ಯಾವತ್ತೂ ಬರಲಿಲ್ಲ.

ಮಹಿಳಾ ತಂಡದ ಕೋಚ್ ಕೆಲಸ ಅವರಿಗೆ ಬಂದದ್ದು ಅದು ಬೇರೆ ಯಾರಿಗೂ ಬೇಡವಾಗಿದ್ದರಿಂದ. ತಂಡ ಎಲ್ಲ ಕಡೆ ಸೋಲುತ್ತಿತ್ತು. ಕ್ಯಾಂಪಿನಲ್ಲಿ ಹುಡುಗಿಯರಿಗೆ ಹಾಲು ಬಂದರೆ ಮೊಟ್ಟೆ ಬರುತ್ತಿರಲಿಲ್ಲ. ಪತ್ರಿಕೆಗಳಲ್ಲಿ ಸೋತ ಸುದ್ದಿಗೂ ಜಾಗ ಇರಲಿಲ್ಲ. ನೇಮಕದ ಮಾತು ಬಂದ ವಾರ ಅವರು ಕ್ಲಿನಿಕ್ಕಿಗೆ ಬಂದು, "ನನಗ ಒಬ್ಬಾಕಿ ಫಿಸಿಯೋ ಬೇಕು, ಬಾ," ಎಂದರು.

"ನಾನೇ ಯಾಕೆ ಸರ್? ಮುಂಬಯಿಯಲ್ಲಿ ದೊಡ್ಡ ದೊಡ್ಡವರಿದ್ದಾರಲ್ಲ."

"ಬೈಬೇಕಾದ್ರ ನನ್ನ ಭಾಷಾ ತಿಳಿಯೋ ಮಂದಿ ಬಾಜೂಕ ಇರಬೇಕು ತಂಗಿ. ಹಿಂದಿಯೊಳಗ ಬೈದ್ರ ಹೊಟ್ಟಿ ತುಂಬಂಗಿಲ್ಲ."

ನಾನು ಹೋದೆ. ಸುಮಾರು ಮೂರು ವರ್ಷ ಅವರ ಪಕ್ಕದ ಕುರ್ಚಿಯಲ್ಲಿ ಕೂತೆ. ಹೊಟ್ಟೆ ತುಂಬ ಕೇಳಿದೆ.

ಅವರು ಕೂಗಾಡುವವರಲ್ಲ. ಕೂಗಾಡಿದ್ದರೆ ಹುಡುಗಿಯರು ಬದುಕಿಕೊಳ್ಳುತ್ತಿದ್ದರು. ಹತ್ತಿರ ಬಂದು, ಲವಂಗವನ್ನು ಈ ದವಡೆಯಿಂದ ಆ ದವಡೆಗೆ ಸರಿಸಿ, ಮನೆಯ ವಿಳಾಸ ಕೇಳುವವರಂತೆ ಮೆಲ್ಲಗೆ ಹೇಳುತ್ತಿದ್ದರು. ಮನೆ ನೆನಪಾಗಿ ಅಳುತ್ತಿದ್ದ ಒಬ್ಬಳಿಗೆ, "ಅಳುವುದಿದ್ದರೆ ಎಡಗಾಲಿನಿಂದ ಅಳು, ಅದಕ್ಕೆ ಬೇರೆ ಕೆಲಸವಿಲ್ಲ" ಎಂದರು. ಅವಳು ಅಳು ನಿಲ್ಲಿಸಿದಳು. ಆ ಕ್ಯಾಂಪಿನಲ್ಲಿ ಮತ್ತೆ ನಗಲೂ ಇಲ್ಲ. ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಆಡುವ ಜಾಗವೇ ಹೆಸರು. ಊಟದ ಮನೆಯಲ್ಲೂ "ರೈಟ್ ಹಾಫ್, ಉಪ್ಪು ಕೊಡು," "ಸ್ಟಾಪರ್, ಫ್ಯಾನ್ ಹಾಕು." ಒಬ್ಬಳನ್ನು ತಂಡದಿಂದ ಕೈಬಿಟ್ಟ ಮೇಲೆ ಆ ಜಾಗಕ್ಕೆ ಬೇರೆಯವಳು ಬರುತ್ತಿದ್ದಳು, ಹೆಸರು ಅವಳದಾಗುತ್ತಿತ್ತು.

ಒಂದು ಪಂದ್ಯದಲ್ಲಿ ಹೊಸ ಹುಡುಗಿಯೊಬ್ಬಳನ್ನು ದ್ವಿತೀಯಾರ್ಧದಲ್ಲಿ ಒಳಗೆ ಕಳಿಸಿ, ಅವಳ ಕಾಲಿಗೆ ಚೆಂಡು ತಾಗುವ ಮೊದಲೇ ಹೊರಗೆ ಕರೆದರು. ಅವಳ ತಂದೆ ತಾಯಿ ಎರಡು ಹಗಲು ರೈಲಿನಲ್ಲಿ ಕೂತು ನೋಡಲು ಬಂದಿದ್ದರು. ಯಾಕೆ ಹೀಗೆ ಮಾಡಿದಿರಿ ಎಂದು ನಾನು ಕೇಳಿದೆ.

"ಒಳಗ ಹೋಗುವಾಗ ಗ್ಯಾಲರಿ ಕಡೆ ಕೈ ಬೀಸಿದ್ಲು. ನೋಡ್ಲಿಲ್ಲೇನು?"

"ಅಪ್ಪ ಅಮ್ಮ ಬಂದಿದ್ದಾರೆ ಸರ್."

"ಹಂಗಾರ ಅಪ್ಪನ ಬಾಜೂಕ ಕುಂದ್ರಲಿ. ಕೈ ಬೀಸಾಕ ಛಲೋ ಜಾಗ."

ಇಂಥವರನ್ನು ಯಾರಾದರೂ ಪ್ರೀತಿಸಲು ಸಾಧ್ಯವೇ ಎಂದು ಕೇಳಿದರೆ, ಒಬ್ಬಳು ಪ್ರೀತಿಸಿದಳು. ಅವಳ ಹೆಸರು ಶೀತಲ್. ಠಾಣೆ ಹತ್ತಿರದ ದಿವಾದವಳು. ತಂದೆ ಬಿಟ್ಟು ಹೋಗಿದ್ದ. ತಾಯಿ ಭಿವಂಡಿಯ ಪವರ್‌ಲೂಮಿನಲ್ಲಿ ನೂಲು ಸುತ್ತುವ ಕೆಲಸಕ್ಕೆ ಹೋಗುತ್ತಿದ್ದಳು. ದೇಶದ ತಂಡ ಕೈಗೆ ಬರುವ ಎಷ್ಟೋ ವರ್ಷ ಮೊದಲು, ದಿವಾ ಸ್ಟೇಶನ್ನಿನಲ್ಲಿ ಕೋಚ್ ಸಾಹೇಬರು ಟಿಕೆಟ್ ಕೇಳಿದಾಗ ಈ ಹುಡುಗಿ ಓಡಿದ್ದಳು. ಸಂಜೆಯ ಜನಜಂಗುಳಿ, ಬೆನ್ನಿಗೆ ಶಾಲೆಯ ಚೀಲ. ಒಬ್ಬರಿಗೂ ಭುಜ ತಾಗಿಸದೆ, ಎಡಕ್ಕೆ ವಾಲಿ ಬಲಕ್ಕೆ ನುಗ್ಗಿ ಪ್ಲಾಟ್‌ಫಾರ್ಮಿನ ತುದಿ ಮುಟ್ಟಿದ್ದಳಂತೆ. ಹಿಂದೆ ಓಡಿದ ಇವರಿಗೆ ಸಿಗಲಿಲ್ಲ. ಇವರು ಬಿಡಲಿಲ್ಲ, ವಿಚಾರಿಸಿಕೊಂಡು ಚಾಳಿನ ಮನೆಗೇ ಹೋದರು. ದಂಡ ವಸೂಲಿ ಮಾಡಲು ಬಂದಿದ್ದಾರೆಂದು ತಾಯಿ ನಡುಗುತ್ತಾ ಕೈಮುಗಿದಳಂತೆ. ಇವರು ಕೂರಲೂ ಇಲ್ಲ. "ನಿಮ್ಮ ಮಗಳು ಕಳ್ಳಿಯಾಗುತ್ತಾಳೆ, ಇಲ್ಲವೇ ಸೆಂಟರ್ ಫಾರ್ವರ್ಡ್ ಆಗುತ್ತಾಳೆ. ಯಾವುದು ಬೇಕು?" ಎಂದು ಮರಾಠಿಯಲ್ಲಿ ಕೇಳಿದರಂತೆ. ತಾಯಿಗೆ ಎರಡನೆಯದು ಏನೆಂದು ಗೊತ್ತಿರಲಿಲ್ಲ. ಮೊದಲನೆಯದು ಬೇಡ ಎಂದಳು.

ಹಾಗೆ ಬಂದವಳು ಶೀತಲ್. ಕಲ್ಯಾಣದ ರೈಲ್ವೆ ಮೈದಾನದಲ್ಲಿ ಅವಳನ್ನು ವರ್ಷಗಟ್ಟಲೆ ಅರೆದರು. ಮೊದಲು ರಾಜ್ಯ ತಂಡ, ಆಮೇಲೆ ದೇಶದ ತಂಡ, ಕೊನೆಗೆ ನಾಯಕಿ. ಒಂದು ದಿನವೂ ಹೊಗಳಲಿಲ್ಲ. ಅವಳು ಮಾತ್ರ ಯಾರು ಕೇಳಿದರೂ, "ನನಗೆ ಅಪ್ಪ ಇಲ್ಲ ಅಂತ ಯಾರು ಹೇಳಿದ್ದು, ಸರ್ ಇದ್ದಾರಲ್ಲ," ಎನ್ನುತ್ತಿದ್ದಳು. ಈ ಮಾತು ಅವರ ಕಿವಿಗೆ ಬಿದ್ದಾಗ ನಾನು ಪಕ್ಕದಲ್ಲೇ ಇದ್ದೆ. "ಅಪ್ಪ ಬಿಟ್ಟು ಹೋದ ಅಂದಿದ್ಲಲ್ಲ, ಮತ್ತೊಬ್ಬ ಬೇಕೇನು ಆಕಿಗಿ?" ಎಂದು ನನಗೆ ಹೇಳಿ ಬೂಟಿನ ದಾರ ಬಿಗಿದುಕೊಂಡರು.

ಇಷ್ಟೆಲ್ಲ ಅರೆದರೂ ತಂಡ ಸೋಲುತ್ತಲೇ ಇತ್ತು. ಮೊದಲು ದೊಡ್ಡ ಅಂತರದಲ್ಲಿ ಸೋಲುತ್ತಿದ್ದವರು ಈಗ ಸಣ್ಣ ಅಂತರದಲ್ಲಿ ಸೋಲುತ್ತಿದ್ದೆವು. ಅವರ ಲೆಕ್ಕದಲ್ಲಿ ಅದು ಪ್ರಗತಿ. ಫೆಡರೇಶನ್ನಿನವರ ಲೆಕ್ಕದಲ್ಲಿ ಸೋಲು ಸೋಲೇ. ಕೋಚ್ ಬದಲಾಗುತ್ತಾರೆ ಎಂಬ ಗುಸುಗುಸು ಕ್ಯಾಂಪಿನ ಅಡಿಗೆಯವನವರೆಗೂ ಬಂದಿತ್ತು. ನೆರೂಳಿನ ಸ್ಟೇಡಿಯಮ್ಮಿನಲ್ಲಿ ಒಂದು ಅರ್ಹತಾ ಪಂದ್ಯ ಬಾಕಿ ಇತ್ತು. ಇದನ್ನು ಗೆದ್ದರೆ ಸಾಹೇಬರು ಉಳಿಯುತ್ತಾರೆ, ಸೋತರೆ ಹೋಗುತ್ತಾರೆ ಎಂದು ಹುಡುಗಿಯರು ತಾವೇ ತೀರ್ಮಾನ ಮಾಡಿಕೊಂಡಿದ್ದರು.

ಆ ಪಂದ್ಯಕ್ಕೆ ಮೂರು ದಿನ ಮುಂಚೆ ಅಭ್ಯಾಸದಲ್ಲಿ ಶೀತಲಳ ಬಲ ಮೊಣಕಾಲು ತಿರುಚಿತು. ನಾನು ಪರೀಕ್ಷೆ ಮಾಡಿದೆ. ಒಳಗಿನ ಲಿಗಮೆಂಟ್ ಅರ್ಧ ಹರಿದಂತಿತ್ತು. ಸ್ಕ್ಯಾನ್ ಕೂಡ ಅದನ್ನೇ ಹೇಳಿತು. ಊಟದ ಮನೆಯಲ್ಲಿ ಅವರ ಎದುರಿಗೆ ಕೂತು ಹೇಳಿದೆ.

"ಇವಳನ್ನು ಆಡಿಸಬಾರದು ಸರ್. ಆಡಿದರೆ ಉಳಿದದ್ದೂ ಹರಿಯುತ್ತದೆ. ಆಮೇಲೆ ಮತ್ತೆ ಆಡಲಿಕ್ಕೇ ಆಗಲಿಕ್ಕಿಲ್ಲ."

"ಆಗಲಿಕ್ಕಿಲ್ಲ ಅಂತೀಯೋ, ಆಗಂಗಿಲ್ಲ ಅಂತೀಯೋ?"

"ಅದನ್ನು ಯಾರೂ ಖಚಿತವಾಗಿ ಹೇಳಲಿಕ್ಕೆ ಆಗುವುದಿಲ್ಲ."

"ಹಂಗಾರ ಆತು. ನಿನ್ನ ಕೆಲಸ ಹೇಳೋದು, ಹೇಳಿದಿ. ನನ್ನ ಕೆಲಸ ಆಡಸೋದು."

ನಾನು ಅಲ್ಲಿಗೆ ಬಿಡಲಿಲ್ಲ. ಫೆಡರೇಶನ್ನಿನ ಸೆಕ್ರೆಟರಿಯ ಹತ್ತಿರ ಹೋಗಿ ಸ್ಕ್ಯಾನ್ ತೋರಿಸಿದೆ. ಅವರು ಚಿತ್ರವನ್ನು ಬೆಳಕಿಗೆ ಹಿಡಿದು, ಏನೂ ಅರ್ಥವಾಗದೆ ಹಿಂದಿರುಗಿಸಿ, ಆಟಗಾರರ ವಿಷಯ ಕೋಚ್‌ಗೆ ಬಿಟ್ಟದ್ದು ಎಂದರು. ಕೊನೆಗೆ ಶೀತಲಳನ್ನೇ ಕೋಚ್ ಸಾಹೇಬರ ಮುಂದೆ ನಿಲ್ಲಿಸಿ ಎಲ್ಲ ಬಿಡಿಸಿ ಹೇಳಿದೆ. ಅವಳು ನನ್ನ ಮಾತು ಕೇಳುತ್ತಾ ಅವರ ಮುಖ ನೋಡುತ್ತಿದ್ದಳು.

"ಆಡುತ್ತೀಯಾ?" ಎಂದು ಅವರು ಮರಾಠಿಯಲ್ಲಿ ಕೇಳಿದರು.

"ಆಡುತ್ತೇನೆ ಸರ್."

ಅವರು ನನ್ನ ಕಡೆ ತಿರುಗಿ ಕೈ ಚೆಲ್ಲಿದರು, ಇನ್ನೇನು ಹೇಳುತ್ತೀ ಎನ್ನುವ ಹಾಗೆ.

ಪಂದ್ಯದ ದಿನ ಡ್ರೆಸ್ಸಿಂಗ್ ರೂಮಿನಲ್ಲಿ ಅವಳ ಮೊಣಕಾಲಿಗೆ ಟೇಪ್ ಸುತ್ತುತ್ತಿದ್ದಾಗ ಅವಳು ಬಗ್ಗಿ ನನ್ನ ಕಿವಿಯ ಹತ್ತಿರ ಹೇಳಿದಳು: "ಬೇಜಾರು ಮಾಡ್ಕೋಬೇಡಿ ಮ್ಯಾಡಮ್. ಸರ್ ನೌಕರಿ ಪ್ರಶ್ನೆ ಇದು. ನಮ್ಮ ಅಮ್ಮನಿಗೆ ಪವರ್‌ಲೂಮಿನಲ್ಲಿ ಕೆಲಸ ಹೋದಾಗ ಮನೆ ಹೇಗಿತ್ತು ಅಂತ ನನಗೆ ಗೊತ್ತು."

ಮಧ್ಯಾಹ್ನದ ಬಿಸಿಲು. ಸ್ಟೇಡಿಯಮ್ಮಿನಲ್ಲಿ ಅಕ್ಕಪಕ್ಕದ ಕಾಲೇಜುಗಳಿಂದ ತಂದು ಕೂರಿಸಿದ ಮಕ್ಕಳು ಬಿಟ್ಟರೆ ಹೆಚ್ಚು ಜನರಿಲ್ಲ. ಮೇಲೆ ನೆರಳಿನಲ್ಲಿ ಫೆಡರೇಶನ್ನಿನವರು ಕೂತಿದ್ದರು. ಅವರ ನಡುವೆ ತಂಪು ಕನ್ನಡಕ ಹಾಕಿದ ಒಬ್ಬ ಅಪರಿಚಿತ. ಪ್ರಾಯೋಜಕರ ಕಡೆಯವನಿರಬೇಕು ಅಂದುಕೊಂಡೆ.

ಮೊದಲಾರ್ಧ ಮುಗಿಯುವ ಮುನ್ನ ಕಾರ್ನರಿನಿಂದ ಬಂದ ಚೆಂಡಿಗೆ ಶೀತಲ್ ಎಡಗಾಲಿನ ಮೇಲೆ ಎಗರಿ ತಲೆ ಕೊಟ್ಟಳು. ಗೋಲು. ನಮ್ಮ ಬೆಂಚೆಲ್ಲ ಎದ್ದು ಕುಣಿಯಿತು. ಅವರು ಕೂತೇ ಇದ್ದರು. ದ್ವಿತೀಯಾರ್ಧದಲ್ಲಿ ಯಾರೂ ಮುಟ್ಟದೆಯೇ, ಬರೀ ತಿರುಗುವಾಗ, ಅವಳು ಬಿದ್ದಳು. ಇನ್ನೊಂದು ಬದಿಯ ಗೆರೆಯಿಂದಲೂ ನನಗೆ ಗೊತ್ತಾಯಿತು. ರೆಫರಿ ಕರೆದಾಗ ಓಡಿ ಹೋಗಿ ಮುಟ್ಟಿ ನೋಡಿದರೆ ಮೊಣಕಾಲು ಹಿಡಿತವಿಲ್ಲದೆ ಸರಿಯುತ್ತಿತ್ತು. ಬದಲಿ ಆಟಗಾರ್ತಿಯನ್ನು ಕಳಿಸಿ ಎಂದು ಬೆಂಚಿಗೆ ಸನ್ನೆ ಮಾಡಿದೆ. ಬದಲಾವಣೆಯೂ ಬಾಕಿ ಇತ್ತು, ಹುಡುಗಿಯೂ ಮೈ ಬಿಸಿ ಮಾಡಿಕೊಂಡು ನಿಂತಿದ್ದಳು. ಅವರು ಗೆರೆಯವರೆಗೆ ನಡೆದು ಬಂದರು. ಶೀತಲ್ ನನ್ನ ಭುಜ ಹಿಡಿದು ಕುಂಟುತ್ತಾ ಗೆರೆಯ ಹತ್ತಿರ ಬಂದಳು.

"ಒಳಗೆ ಹೋಗು. ಮಧ್ಯದ ಗೆರೆಯ ಹತ್ತಿರ ನಿಲ್ಲು. ಓಡಬೇಡ," ಎಂದರು ಅವಳಿಗೆ.

"ಸರ್, ಮೊಣಕಾಲು ಹೋಗಿದೆ," ಎಂದೆ ನಾನು.

"ಗೊತ್ತಾತು. ನಿಂತ್ರ ಸಾಕು ಆಕಿ. ಆಕಿ ಅಲ್ಲಿ ನಿಂತಿದ್ರ ಅವರು ಇಬ್ಬರನ್ನ ಹಿಂದ ಬಿಡ್ತಾರ. ಆಕಿ ಹೊರಗ ಬಂದ್ಲಂದ್ರ ಎಲ್ಲಾರೂ ನಮ್ಮ ಮ್ಯಾಲ ಬರ್ತಾರ."

ಶೀತಲ್ ನನ್ನ ಭುಜ ಬಿಟ್ಟಳು. ಕುಂಟುತ್ತಾ ಒಳಗೆ ಹೋಗಿ ಮಧ್ಯದ ಗೆರೆಯ ಹತ್ತಿರ ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತಳು. ಅವರು ಹೇಳಿದ್ದು ನೂರಕ್ಕೆ ನೂರು ನಿಜವಾಯಿತು. ಎದುರಾಳಿಗಳ ಇಬ್ಬರು ಡಿಫೆಂಡರುಗಳು ಅವಳನ್ನು ಬಿಟ್ಟು ಕದಲಲಿಲ್ಲ. ಗೋಲು ಹೊಡೆದವಳಲ್ಲವೇ, ಯಾವ ಗಳಿಗೆಯಲ್ಲಿ ಓಡುತ್ತಾಳೋ ಎಂಬ ಭಯ. ಕಾಲಿನಿಂದ ಸೊಂಟದವರೆಗೆ ಅವಳು ನಡುಗುತ್ತಿದ್ದದ್ದು ನನಗೆ ಕಾಣುತ್ತಿತ್ತು, ಆ ಡಿಫೆಂಡರುಗಳಿಗೆ ಕಾಣಲಿಲ್ಲ. ಹಾಗೆ ನಿಂತೇ ಪಂದ್ಯ ಮುಗಿಸಿದಳು. ಗೆದ್ದೆವು.

ಹುಡುಗಿಯರು ಅವಳನ್ನು ಎತ್ತಿಕೊಂಡು ಬಂದರು. ಅವಳು ನೋವಿಗೆ ಅಳುತ್ತಾ ನಗುತ್ತಿದ್ದಳು. ಅವರು ಹತ್ತಿರ ಬಂದು ಒಂದು ಕ್ಷಣ ನಿಂತರು. "ನಿಂತೆ. ಚೆನ್ನಾಗಿ ನಿಂತೆ," ಎಂದರು. ಅಷ್ಟೂ ವರ್ಷಗಳಲ್ಲಿ ಅವರ ಬಾಯಿಂದ ಬಂದ ಹೊಗಳಿಕೆ ಅದೊಂದೇ. ಐಸಿನ ಚೀಲ ಒತ್ತಿಕೊಂಡು ಬಸ್ಸಿನಲ್ಲಿ ಮಲಗಿದ್ದವಳು ದಾರಿಯುದ್ದಕ್ಕೂ ಅದನ್ನೇ ಹೇಳುತ್ತಿದ್ದಳು. "ಇನ್ನು ಸರ್‌ನ ಯಾರೂ ತೆಗೆಯೋ ಹಾಗಿಲ್ಲ, ಅಲ್ವಾ ಮ್ಯಾಡಮ್?"

ಮರುದಿನ ಬೆಳಗ್ಗೆ ವಾಶಿಯ ಹೋಟೆಲಿನಲ್ಲಿ ನಾವೆಲ್ಲ ತಿಂಡಿ ತಿನ್ನುತ್ತಿದ್ದೆವು. ಸೆಕ್ರೆಟರಿ ಒಳಗೆ ಬಂದರು. ಅವರ ಹಿಂದೆ ನಿನ್ನೆಯ ತಂಪು ಕನ್ನಡಕದ ಮನುಷ್ಯ, ಕೈಯಲ್ಲಿ ಆಗಲೇ ತಟ್ಟೆ ಹಿಡಿದಿದ್ದ. "ಹುಡುಗಿಯರೇ, ಇವರು ನಿಮ್ಮ ಹೊಸ ಚೀಫ್ ಕೋಚ್," ಎಂದರು ಸೆಕ್ರೆಟರಿ. ಇವತ್ತಿನಿಂದಲೇ ಎಂದರು. ಈಗ ದೊಡ್ಡ ಲೈಸೆನ್ಸ್ ಇದ್ದವರೇ ಕೋಚ್ ಆಗಬೇಕೆಂಬ ನಿಯಮ ಬಂದಿದೆ ಎಂದೂ ಸೇರಿಸಿದರು. ನಮ್ಮ ಸಾಹೇಬರು ಇಡ್ಲಿ ಬಡಿಸಿಕೊಂಡು ಮೇಜಿನ ಕಡೆ ಬರುತ್ತಿದ್ದವರು ನಡುದಾರಿಯಲ್ಲಿ ನಿಂತರು. ಮುಖದಲ್ಲಿ ಏನೂ ಕಾಣಲಿಲ್ಲ. ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು.

"ಇಡ್ಲಿ ತಿನ್ನಲೇನು ತಂಗಿ, ಇಲ್ಲಾ ಇಲ್ಲೇ ಇಡ್ಲೇನು?"

ಆ ಕೋಣೆಯಲ್ಲಿ ಅದು ಅರ್ಥವಾಗುತ್ತಿದ್ದದ್ದು ನನಗೊಬ್ಬಳಿಗೆ. ನಗಬೇಕಾದವಳೂ ನಾನೊಬ್ಬಳೇ. ಆಗಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಸೆಕ್ರೆಟರಿ ದೊಡ್ಡ ಮನುಷ್ಯನಂತೆ ಅವರ ಬೆನ್ನಿನ ಮೇಲೆ ಕೈಯಿಟ್ಟು, "ನೀವೇ ಇವರಿಗೆ ಹುಡುಗಿಯರ ಪರಿಚಯ ಮಾಡಿಕೊಡಿ," ಎಂದರು. ಅವರು ತಟ್ಟೆ ಹಿಡಿದುಕೊಂಡೇ ಮೊದಲನೇ ಮೇಜಿನ ಹತ್ತಿರ ಹೋದರು. "ಇದು ಲೆಫ್ಟ್ ಬ್ಯಾಕ್," ಎಂದರು. "ಇದು ಸ್ಟಾಪರ್." ಹೊಸಬ ಹಸನ್ಮುಖಿ. ಕೈ ಚಾಚಿ, "ಹೆಸರು?" ಎಂದ. ಇವರು ಬಾಯಿ ತೆರೆದರು. ಬರಲಿಲ್ಲ. ಆ ಹುಡುಗಿ ಅವರನ್ನು ಬಿಟ್ಟಗಣ್ಣಿನಿಂದ ನೋಡುತ್ತಾ ಸ್ವಲ್ಪ ಹೊತ್ತು ಕಾಯಿಸಿದಳು. ಬೇಕೆಂದೇ ಕಾಯಿಸಿದಳು. ಆಮೇಲೆ ತನ್ನ ಹೆಸರು ಹೇಳಿದಳು. ಮುಂದಿನವಳೂ ಹಾಗೇ ಮಾಡಿದಳು. ಅವರು ಮೇಜಿನಿಂದ ಮೇಜಿಗೆ ಹೋದರು, ಪ್ರತಿಯೊಬ್ಬಳೂ ಅವರನ್ನು ಅಷ್ಟಷ್ಟು ಹೊತ್ತು ನಿಲ್ಲಿಸಿಕೊಂಡಳು. ಒಂದು ಮಾತೂ ಆಡದೆ ಆ ಹುಡುಗಿಯರು ಮೂರು ವರ್ಷದ್ದನ್ನೆಲ್ಲ ಹಿಂದಿರುಗಿಸಿದರು.

ಆಗ ಊರುಗೋಲು ಊರಿಕೊಂಡು ಶೀತಲ್ ಬಂದಳು. ಏನು ನಡೆಯುತ್ತಿದೆ ಎಂದು ಅವಳಿಗೆ ಯಾರೋ ಹೇಳಿದರು. ನೇರ ಸೆಕ್ರೆಟರಿಯ ಹತ್ತಿರ ಹೋದಳು.

"ಆದರೆ ನಾವು ಗೆದ್ದೆವಲ್ಲ ಸರ್."

"ಒಳ್ಳೇ ಆಟ ಬೇಟಾ. ಆದರೆ ಇದು ಮೊದಲೇ ತೀರ್ಮಾನ ಆಗಿತ್ತು. ನಿನ್ನೆಯ ಪಂದ್ಯಕ್ಕೂ ಇದಕ್ಕೂ ಸಂಬಂಧ ಇಲ್ಲ."

ಅವಳು ನಮ್ಮ ಸಾಹೇಬರ ಕಡೆ ನೋಡಿದಳು. ಅವರು ತಟ್ಟೆಯನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದಿದ್ದರು.

ಇದಾದ ಸ್ವಲ್ಪ ದಿನಕ್ಕೆ ಡೊಂಬಿವಲಿಯ ಕನ್ನಡ ಸಂಘದವರ ರಾಜ್ಯೋತ್ಸವ. ದೇಶದ ತಂಡಕ್ಕೆ ಕನ್ನಡಿಗ ಕೋಚ್ ಎಂದು ಸನ್ಮಾನ ಇಟ್ಟುಕೊಂಡಿದ್ದರು. ನಮ್ಮ ತಂದೆಯೂ ಸಮಿತಿಯಲ್ಲಿದ್ದರು. ಫ್ಲೆಕ್ಸ್ ಮೊದಲೇ ಪ್ರಿಂಟ್ ಆಗಿತ್ತು.

"ಈಗ ಎಂಥ ಮಾಡುದು ಮಾರಾಯ್ತಿ? ಬರಬೇಡಿ ಅಂತ ಹೇಳ್ಲಿಕ್ಕೆ ಆಗ್ತದಾ?" ಎಂದು ಅಪ್ಪ ನನ್ನನ್ನೇ ಕೇಳಿದರು. ಕೊನೆಗೆ 'ಕೋಚ್' ಎಂಬುದರ ಮುಂದೆ ಒಂದು ಬಿಳಿ ಕಾಗದದಲ್ಲಿ 'ಮಾಜಿ' ಎಂದು ಬರೆದು ಅಂಟಿಸಿದರು. ಸಭೆಯ ನಡುವೆ ಫ್ಯಾನಿನ ಗಾಳಿಗೆ ಅದರ ಒಂದು ತುದಿ ಬಿಟ್ಟುಕೊಂಡು ಪಟಪಟ ಹೊಡೆದುಕೊಳ್ಳುತ್ತಿತ್ತು. ಮುಂದಿನ ಸಾಲಿನಲ್ಲಿ ನೃತ್ಯಕ್ಕೆ ಮುಖಕ್ಕೆ ಬಣ್ಣ ಹಚ್ಚಿಕೊಂಡು ಕೂತಿದ್ದ ಮಕ್ಕಳು, "ಯೆ ಅಂಕಲ್ ಕೌನ್ ಹೈ?" "ಪತಾ ನಹೀ, ನಿಕಾಲ್ ದಿಯಾ ಇನ್ಕೋ," ಎಂದು ಇವರನ್ನು ಕೆಲಸದಿಂದ ತೆಗೆದದ್ದನ್ನು ಹಿಂದಿಯಲ್ಲಿ ಮಾತಾಡಿಕೊಂಡದ್ದು ವೇದಿಕೆಗೆ ಕೇಳಿಸುವಷ್ಟು ಗಟ್ಟಿಯಾಗಿತ್ತು. ಶಾಲು ಹೊದಿಸಿ, ಎರಡು ಮಾತು ಆಡಿ ಎಂದರು. ಅವರು ಮೈಕಿನ ಹತ್ತಿರ ಬಂದು, "ಶಾಲು ಮೊದಲs ತಂದಿದ್ರಿ ಅಂತ ಕಾಣ್ತದ, ಅದಕ್ಕs ಕರದೀರಿ. ಇರಲಿ, ಥಂಡಿಗಿ ಆಕ್ಕೇತಿ," ಎಂದು ಕೂತರು. ಚಪ್ಪಾಳೆ ಬಂತು. ತಮಾಷೆ ಎಂದುಕೊಂಡರು.

ಮತ್ತೆ ಕಪ್ಪು ಕೋಟು ಹಾಕಿಕೊಂಡು ನಿವೃತ್ತಿಯವರೆಗೆ ಟಿಕೆಟ್ ನೋಡಿದರು. ನಾನು ನೆರೂಳಿನ ಕ್ಲಿನಿಕ್ಕಿಗೆ ಹಿಂದಿರುಗಿದೆ. ಶೀತಲಳ ಆಪರೇಶನ್ ಬಹಳ ತಡವಾಗಿ, ಸರ್ಕಾರಿ ಆಸ್ಪತ್ರೆಯಲ್ಲಿ ಆಯಿತು. ಅವಳು ಮತ್ತೆ ಆಡಲಿಲ್ಲ. ಭಿವಂಡಿಯ ಒಂದು ಗೋದಾಮಿನಲ್ಲಿ ಪಾರ್ಸೆಲ್‌ಗಳನ್ನು ಬೇರ್ಪಡಿಸುವ ಕೆಲಸ ಹಿಡಿದಳು. ನಿಂತು ಮಾಡುವ ಕೆಲಸ. ಮೊಣಕಾಲು ಊದಿದಾಗ ನನ್ನ ಹತ್ತಿರ ಬರುತ್ತಿದ್ದಳು. ಬಂದಾಗಲೆಲ್ಲ ಅದೇ ಮಾತು: "ಅವರು ಸರ್‌ಗೂ ಮೋಸ ಮಾಡಿದರು, ನನಗೂ ಮಾಡಿದರು. ನಮ್ಮಿಬ್ಬರದೂ ಒಂದೇ ಕಥೆ ಮ್ಯಾಡಮ್." ಆ ಮಾತಿನ ಆಸರೆಯಲ್ಲಿ ಅವಳು ಬದುಕಿದ್ದಳು ಎಂದರೂ ತಪ್ಪಲ್ಲ. ಗುರುಪೂರ್ಣಿಮೆಗೆ ತಪ್ಪದೆ ಕಲ್ಯಾಣಕ್ಕೆ ಹೋಗಿ ಅವರ ಕಾಲು ಮುಟ್ಟಿ ಬರುತ್ತಿದ್ದಳು.

ನಿವೃತ್ತಿಯಾದ ಕೆಲವು ವರ್ಷಕ್ಕೆ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಎಡಭಾಗ ಬಿದ್ದುಹೋಯಿತು. ಮಾತು ನಿಧಾನವಾಯಿತು, ಕೆಡಲಿಲ್ಲ. ವಾರಕ್ಕೊಮ್ಮೆ ನಾನು ಕಲ್ಯಾಣಕ್ಕೆ ಹೋಗಿ ವ್ಯಾಯಾಮ ಮಾಡಿಸುತ್ತಿದ್ದೆ. "ಇಷ್ಟು ವರ್ಷದಾಗ ಕಲ್ತದ್ದು ಇಷ್ಟs ಏನು?" ಎನ್ನುತ್ತಿದ್ದರು ನಾನು ಕೈ ಎತ್ತಿಸುವಾಗ. ಅಕ್ಕ ಅಡುಗೆಮನೆಯಿಂದ, "ಕೇಳಬ್ಯಾಡವಾ ಅಂವನ ಮಾತ. ಸಾಯೂತನಾ ಹಿಂಗs ಅಂವ," ಎನ್ನುತ್ತಿದ್ದರು.

ಹಾಗೆ ಒಂದು ಮಧ್ಯಾಹ್ನ ನಾನಲ್ಲಿದ್ದಾಗ ಶೀತಲ್ ಬಂದಳು. ಕೈಯಲ್ಲಿ ಪೇಢೆಯ ಡಬ್ಬಿ. ಠಾಣೆಯ ಒಂದು ಶಾಲೆಯವರು ಹುಡುಗಿಯರ ತಂಡ ಕಟ್ಟುತ್ತಿದ್ದಾರೆ, ಇವಳನ್ನು ಕೋಚ್ ಆಗಲು ಕರೆದಿದ್ದಾರೆ. ಗೋದಾಮಿನ ಕೆಲಸ ಬಿಡುತ್ತಿದ್ದಾಳೆ. ಅಷ್ಟು ಸಂತೋಷದಲ್ಲಿ ಅವಳನ್ನು ನಾನು ಬಹಳ ವರ್ಷಗಳಿಂದ ನೋಡಿರಲಿಲ್ಲ. ಡಬ್ಬಿಯನ್ನು ಅಕ್ಕನ ಕೈಗೆ ಕೊಟ್ಟು, ಅವರ ಕಾಲು ಮುಟ್ಟಿ, ಮಂಚದ ಪಕ್ಕ ಕೂತಳು.

"ನನ್ನ ಹುಡುಗಿಯರಿಗೆ ಮೊದಲ ದಿನವೇ ನಿಮ್ಮ ವಿಷಯ ಹೇಳುತ್ತೇನೆ ಸರ್," ಎಂದಳು ಮರಾಠಿಯಲ್ಲಿ. "ಆ ನೆರೂಳಿನ ಪಂದ್ಯ. ನಿಮಗೆ ಒಂದು ದಿನ ಮೊದಲು ಅವರು ಹೇಳಿದ್ದರೆ ನೀವು ನನ್ನನ್ನು ಆಡಿಸುತ್ತಿರಲಿಲ್ಲ. ನನ್ನ ಕಾಲು ಇರುತ್ತಿತ್ತು. ಅಷ್ಟೂ ಹೇಳದೆ ಮೋಸ ಮಾಡಿದರಲ್ಲ."

ಅವರು ಲವಂಗವನ್ನು ಸರಿಸಲು ನಾಲಿಗೆ ಹೊರಳಿಸಿದರು. ಅದು ಆ ದವಡೆಗೆ ಹೋಗಲಿಲ್ಲ.

"ಹೇಳಿದ್ದರು," ಎಂದರು.

"ಏನು ಸರ್?"

"ಹಿಂದಿನ ದಿನವೇ ಹೇಳಿದ್ದರು. ಸೆಕ್ರೆಟರಿ ಫೋನ್ ಮಾಡಿದ್ದ. ಹೊಸಬ ಮೇಲೆ ಕೂತಿರುತ್ತಾನೆ, ಗಲಾಟೆ ಮಾಡಬೇಡಿ ಅಂದ."

ಅಡುಗೆಮನೆಯ ಬಾಗಿಲಿನಲ್ಲಿ ಅಕ್ಕ ಚಹಾದ ಕಪ್ಪು ಹಿಡಿದು ನಿಂತಿದ್ದರು. "ಸುಮ್ನಿರೋ," ಎಂದರು.

"ಯಾಕ ಸುಮ್ನಿರ್ಲಿ? ಕೋಚ್ ಆಗಾಕತ್ತಾಳ. ಗೊತ್ತಿರ್ಲಿ."

ಶೀತಲಳಿಗೆ ಈ ಕನ್ನಡ ತಿಳಿಯಲಿಲ್ಲ. ಅವಳು ಅವರ ಮುಖದ ಹತ್ತಿರ ಬಗ್ಗಿದಳು. "ನೌಕರಿ ಹೋಗಿದೆ ಅಂತ ಗೊತ್ತಿತ್ತು ನಿಮಗೆ. ಮತ್ತೆ ಯಾಕೆ ಆಡಿಸಿದಿರಿ?"

"ಗೆಲ್ಲಬೇಕಿತ್ತು."

"ಯಾರಿಗಾಗಿ?"

ಅವರು ಯೋಚಿಸಿದರು. ಸುಳ್ಳು ಹುಡುಕುತ್ತಿರಲಿಲ್ಲ, ನಿಜವಾಗಿಯೂ ಯೋಚಿಸಿದರು. "ನನಗೆ," ಎಂದರು. "ಒಂದು ಸಲ."

ಶೀತಲ್, ಅಕ್ಕ ಕೊಟ್ಟ ಚಹಾವನ್ನು ನಿಧಾನವಾಗಿ ಪೂರ್ತಿ ಕುಡಿದಳು, ಕಪ್ಪನ್ನು ತಾನೇ ಒಳಗೆ ಇಟ್ಟು ಬಂದಳು. ಹೊರಡುವಾಗ ಕಾಲು ಮುಟ್ಟಲಿಲ್ಲ. ನಾನೂ ಅವಳ ಹಿಂದೆಯೇ ಹೊರಟೆ.

ಮೆಟ್ಟಿಲಿನಲ್ಲಿ ಅವಳು ಒಂದು ಕೈ ಗೋಡೆಗೆ ಹಿಡಿದು, ಒಳ್ಳೆಯ ಕಾಲು ಗಟ್ಟಿ ಮಾಡಿಕೊಂಡು ಇಳಿಯುತ್ತಿದ್ದಳು. ಕೆಳಗಿನ ತಿರುವಿನಲ್ಲಿ ನಿಂತಳು.

"ನಿಮಗೆ ಗೊತ್ತಿತ್ತಾ ಮ್ಯಾಡಮ್?"

"ಇಲ್ಲ ಶೀತಲ್. ಇವತ್ತೇ ಗೊತ್ತಾದದ್ದು."

"ಹೇಳಿದ್ದರೂ ಆಡುತ್ತಿದ್ದೆ," ಎಂದಳು. "ನೌಕರಿ ಹೋಯಿತು, ಆದರೂ ಗೆಲ್ಲಬೇಕು ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಖುಷಿಯಿಂದ ಆಡುತ್ತಿದ್ದೆ. ಹೇಳಬೇಕಿತ್ತು." ಅವಳಿಗೆ ಅಳು ಬರಲಿಲ್ಲ. ಅಷ್ಟು ವರ್ಷ ಹಿಡಿದುಕೊಂಡಿದ್ದ ಏನೋ ಕೈಯಿಂದ ಜಾರಿದಂತೆ ಎರಡೂ ಅಂಗೈ ನೋಡಿಕೊಂಡಳು. ಆಮೇಲೆ, "ಒಂದು ನಿಮಿಷ ನಿಲ್ಲಿ," ಎಂದು ನನಗೆ ಹೇಳಿ ಮತ್ತೆ ಮೆಟ್ಟಿಲು ಹತ್ತತೊಡಗಿದಳು. ಇಳಿಯುವುದಕ್ಕಿಂತ ಹತ್ತುವುದು ಅವಳಿಗೆ ಕಷ್ಟ. ನಾನು ಕೈಕೊಡಲು ಹೋದರೆ ಬೇಡ ಎಂದಳು.

ಮೇಲೆ ಬಾಗಿಲು ತೆರೆದ ಸದ್ದಾಯಿತು. ಮಾತು ಯಾವುದೂ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಕೆಳಗೆ ಬಂದಳು. ಕೈಯಲ್ಲಿ ಪೇಢೆಯ ಡಬ್ಬಿ ಇತ್ತು.

ಬಾಗಿಲ ಹೊರಗೆ, ಬಿಸಿಲಿನಲ್ಲಿ ನಿಂತು, ಅದರ ದಾರ ಬಿಚ್ಚಿ ನನ್ನ ಮುಂದೆ ಹಿಡಿದಳು.

"ತಗೊಳ್ಳಿ ಮ್ಯಾಡಮ್. ನನ್ನ ಹೊಸ ಕೆಲಸದ್ದು."

ಒಂದು ತೆಗೆದುಕೊಂಡೆ. ಅವಳೂ ಒಂದು ಬಾಯಿಗೆ ಹಾಕಿಕೊಂಡಳು. ಇಬ್ಬರೂ ತಿನ್ನುತ್ತಾ ಸ್ಟೇಶನ್ ಕಡೆ ನಡೆದೆವು, ಅವಳ ನಡಿಗೆಯಷ್ಟು ನಿಧಾನವಾಗಿ.